ಮೂರನೆಯವರಿಗೆ ತಿಳಿಸುವುದಿಲ್ಲ

ಕಿವಿ ಮಂದವಾಗತೊಡಗಿದಾಗ ಲೋಕ ಮೊದಲು ಚೆಂದವೇ ಆಯಿತು. ಕಬ್ಬಿನ ಲಾರಿಗಳು ಹತ್ತಿಯ ಮೇಲೆ ಹೋದ ಹಾಗೆ ಹೋಗುತ್ತಿದ್ದವು. ಅಡುಗೆಮನೆಯ ಕುಕ್ಕರು ಎಲ್ಲೋ ದೂರದ ಬಸರಾಳಿನ ಕಡೆಯಿಂದ ಕೂಗುತ್ತಿತ್ತು. ತರಗತಿಯಲ್ಲಿ ಮಕ್ಕಳ ಬಾಯಿ ಮೀನಿನ ಬಾಯಿಯಂತೆ ತೆರೆದು ಮುಚ್ಚುವುದನ್ನು ನೋಡುತ್ತ ನಾನು ಎಲ್ಲ ಉತ್ತರಕ್ಕೂ "ಸರಿ" ಎನ್ನುತ್ತಿದ್ದೆ. ಆ ವರ್ಷ ಮದ್ದೂರಿನಲ್ಲಿ ನನ್ನಷ್ಟು ಒಳ್ಳೆಯ ಮೇಡಂ ಇನ್ನೊಬ್ಬರಿರಲಿಲ್ಲ.

ನಮ್ಮ ಕಡೆ ಎಲ್ಲರೂ ಗಂಟಲು ಹರಿಯುವಂತೆಯೇ ಮಾತಾಡುವುದರಿಂದ ಯಾರಿಗೂ ಅನುಮಾನ ಬರಲಿಲ್ಲ. ಬಂದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು: ಬೆಳಿಗ್ಗೆ ತಿಳಿದರೆ ಮಧ್ಯಾಹ್ನಕ್ಕೆ 'ಕೆಪ್ಪಿ ಮೇಡಂ'. ಅದಕ್ಕಿಂತ ಹೆಚ್ಚಿನ ಹೆದರಿಕೆ ನಮ್ಮ ಮನೆಯವರದು. ಗೆಜ್ಜಲಗೆರೆಯ ಕಾರ್ಖಾನೆಯಿಂದ ದಣಿದು ಬರುವ ಅವರು ಈಚೆಗೆ ನಾನು ಏನು ಕೇಳಿದರೂ ಸುಮ್ಮನೆ ನಗುತ್ತಿದ್ದರು. ನನ್ನ ಮೇಲೆ ಬೇಸರ ಬಂದಿದೆ ಎಂದೇ ತಿಳಿದಿದ್ದೆ. ಅದರ ಜೊತೆಗೆ ಕಿವುಡು ಬೇರೆ ಎಂದು ತಿಳಿದರೆ?

ಹಾಗಾಗಿ ಕಿವಿಯ ಮಿಷನ್ನನ್ನು ಫೋನಿನಲ್ಲೇ, ಗುಟ್ಟಾಗಿ ತರಿಸಿಕೊಳ್ಳುವುದೆಂದು ತೀರ್ಮಾನಿಸಿದೆ. ಒಂದು ಭಾನುವಾರ ಮಧ್ಯಾಹ್ನ ಫ್ಯಾನಿನ ಕೆಳಗೆ ಮಲಗಿ ಕಂಪನಿಯ ಗೌಪ್ಯತಾ ನೀತಿಯನ್ನು ಪೂರ್ತಿ ಓದಿದೆ; ಬರೆದವರೂ ಅಷ್ಟು ಓದಿರಲಾರರು. ಸಾಲುಗಳು ನಾಲೆಯ ನೀರಿನ ಹಾಗೆ ಹರಿಯುತ್ತಲೇ ಇದ್ದವು. 'ನಿಮ್ಮ ಮಾಹಿತಿಯನ್ನು ಮೂರನೆಯವರಿಗೆ ತಿಳಿಸುವುದಿಲ್ಲ.' ನಾನೊಬ್ಬಳು, ಕಂಪನಿ ಇನ್ನೊಂದು. ಹಾಗಾದರೆ ಪಕ್ಕದಲ್ಲಿ ಗೊರಕೆ ಹೊಡೆಯುತ್ತಿರುವಂತೆ ಕಾಣುವವರೇ ಆ ಮೂರನೆಯವರು. ಸಮಾಧಾನವಾಗಿ ನಿದ್ದೆ ಹತ್ತಿತು. ಕನಸಿನಲ್ಲಿ ಕಂಪನಿಯೆಂಬ ದೊಡ್ಡಮ್ಮ ನನ್ನ ಎರಡೂ ಕಿವಿಗಳನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು, "ಯಾರ್ಗೂ ಯೋಳಾಕಿಲ್ಲ ಓಗವ್ವ" ಎಂದಳು. ಎದ್ದವಳೇ ಶಾಲೆಯ ವಿಳಾಸ ಕೊಟ್ಟು ಆರ್ಡರ್ ಒತ್ತಿದೆ.

ಅದು ಬಂದದ್ದು ಶಾಲೆಗೆ ರಜೆಯಿದ್ದ ದಿನ. ಮಳವಳ್ಳಿಯಲ್ಲೊಂದು ಗೃಹಪ್ರವೇಶಕ್ಕೆಂದು ನಾವಿಬ್ಬರೂ ಖಾಸಗಿ ಬಸ್ಸು ಹತ್ತಿದ್ದೆವು. ಖಾಸಗಿಯೆಂಬುದು ಅದರ ಹೆಸರಿನಲ್ಲಿ ಮಾತ್ರ. ಕಿಟಕಿಯಾಚೆ ಕಬ್ಬಿನ ಗರಿಗಳು ಸದ್ದಿಲ್ಲದೆ ತೂಗುತ್ತಿದ್ದವು. ಫೋನು ನಡುಗಿತು. ಕಿವಿಗಿಟ್ಟರೆ ಏನೂ ಕೇಳದು. ಅಭ್ಯಾಸಬಲದಿಂದ ಸ್ಪೀಕರ್ ಒತ್ತಿದೆ.

"ಮೇಡಮ್ಮೋರೇ, ಪಾರ್ಸೆಲ್ ಬಂದೈತೆ. ಇಸ್ಕೂಲು ಬೀಗ ಆಕೈತಲ್ಲ?"

"ಯಾವ ಪಾರ್ಸೆಲ್ಲು? ಜೋರಾಗಿ ಹೇಳಪ್ಪ."

"ಕಿವಿ ಮಿಷನ್ನು ಅಂತ ಬಿಲ್ಲಲ್ ಬರ್ದವ್ರೆ ಕಣಕ್ಕ. ಕಿವಿ, ಕಿವಿ."

ಪಾರ್ಸೆಲ್ಲಿನವನ ಕೂಗಿಗೆ ಇಡೀ ಬಸ್ಸು ತಿರುಗಿತು; ನಮ್ಮ ಮನೆಯವರೂ. "ನಾಳೆ ತಾ" ಎಂದು ಫೋನಿಟ್ಟೆ. ಮುಂದಿನ ಸೀಟಿನ ಅಜ್ಜಿಯೊಬ್ಬರು ಜೋರಾಗಿಯೇ ಸಮಾಧಾನ ಹೇಳಿದರು: "ನಾಚ್ಕೆ ಯಾಕವ್ವ? ನಮ್ಮೆಜಮಾನ್ರೂ ಒಂದ್ ತರ್ಸಿ ಬೀರುನಲ್ಲಿ ಮಡಗವ್ರೆ. ಬೀರುಗ್ ಈಗ ಚೆನ್ನಾಗ್ ಕೇಳುಸ್ತದೆ."

ಬಸ್ಸೆಲ್ಲ ನಕ್ಕಿತು. ನಾನು ಗಂಡನ ಮುಖ ನೋಡಲಾರದೆ ಚೀಲದ ಜಿಪ್ಪು ಎಳೆಯುತ್ತ ಕೂತೆ. ಕೊನೆಗೆ ಓರೆಗಣ್ಣಿನಲ್ಲಿ ನೋಡಿದರೆ ಅವರ ತುಟಿ ಅಲುಗಿತು.

"ಏನಂದ್ರಿ?"

ಮತ್ತೆ ಅಲುಗಿತು.

"ಕೇಳಿಸ್ತಿಲ್ಲ, ಸ್ವಲ್ಪ ಜೋರಾಗಿ."

ಅವರ ಮುಖ ಕೆಂಪಗಾಯಿತು. ಕಾರ್ಖಾನೆಯ ಗಲಾಟೆಯಲ್ಲಿ ಕೂಗುವವರಂತೆ ಕೂಗಿದರು: "ನಂಗೂ ಒಂದ್ ತರ್ಸು ಅಂದೆ ಕಣೆ. ನೀನ್ ಮಾತಾಡದು ಒಂದೂ ಕೇಳುಸ್ದೆ ಸುಮ್ನೆ ನಗ್ತಾ ಇವ್ನಿ."

ಬಸ್ಸಿನಲ್ಲಿದ್ದವರೆಲ್ಲ ಥಟ್ಟನೆ ಕಿಟಕಿಯಾಚೆ ನೋಡತೊಡಗಿದರು. ಅಜ್ಜಿ ಮಾತ್ರ ಒಮ್ಮೆ ತಿರುಗಿದರು.

"ನಮ್ಗೇನೂ ಕೇಳುಸ್ನಿಲ್ಲ ಕಣಪ್ಪ, ನೀವ್ ಮಾತಾಡ್ಕಳಿ."