ಟ್ಯಾಂಕಿನ ಎಡಗಡೆಯ ನೆಗ್ಗು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅಪ್ಪನ ಬೈಕಿನ ಟ್ಯಾಂಕು ಕೆಂಪಗಿತ್ತು ಎಂದು ನಾನು ಎಷ್ಟೋ ವರ್ಷ ನಂಬಿದ್ದೆ. ಅದು ಕೆಂಪಗಿರಲಿಲ್ಲ. ಅಷ್ಟು ದೊಡ್ಡದರಲ್ಲೇ ತಪ್ಪಿದವಳು ಸಣ್ಣಪುಟ್ಟದರಲ್ಲಿ ತಪ್ಪಿಲ್ಲ ಎಂದು ಹೇಗೆ ಹೇಳಲಿ? ಹದಿನಾಲ್ಕನೆಯ ವಯಸ್ಸಿನಿಂದ ಡೈರಿ ಬರೆಯುತ್ತಿದ್ದೇನೆ. ಆದರೆ ಬೇಕಾದ ದಿನದ ಪುಟ ತೆಗೆದರೆ ಅಲ್ಲಿ ಬಸ್ಸು ತಡವಾದದ್ದೋ ಪರೀಕ್ಷೆಯ ಅಂಕವೋ ಇರುತ್ತದೆ. ಸಿಟ್ಟೊಂದು ಮಾತ್ರ ಸರಿಯಾಗಿ ನೆನಪಿದೆ. ಅದನ್ನು ಬರೆದಿಟ್ಟುಕೊಳ್ಳುವ ಅಗತ್ಯವೇ ಬೀಳಲಿಲ್ಲ.

ಅಪ್ಪ ಪಟಾನ್‌ಚೆರುವಿನ ಒಂದು ಔಷಧಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ವಿಜಾಪುರದ ಕಡೆಯಿಂದ ತಮ್ಮನನ್ನೂ ಜೊತೆಗೆ ಕರೆದುಕೊಂಡು ಹೈದರಾಬಾದಿಗೆ ಬಂದವನು. ನಾನು ಸಣ್ಣವಳಿದ್ದಾಗಲೇ ಅವ್ವ ತೀರಿಕೊಂಡಿದ್ದಳು. ವಾರದಲ್ಲಿ ಆರು ದಿನ ಕಾರ್ಖಾನೆಯ ಬಸ್ಸು, ಏಳನೆಯ ದಿನ ಬೈಕು, ಇದು ಅಪ್ಪನ ಬದುಕು. ಅದು ಯಾರೋ ಓಡಿಸಿ ಬಿಟ್ಟ ಹಳೆಯ ಟೂ ಸ್ಟ್ರೋಕ್ ಗಾಡಿ. ಅಪ್ಪ ಅದರ ಮಡ್‌ಗಾರ್ಡನ್ನು ಕತ್ತರಿಸಿ ಎತ್ತರಕ್ಕೆ ಕೂರಿಸಿದ್ದ, ಸೈಲೆನ್ಸರನ್ನು ಸೀಟಿನ ಪಕ್ಕಕ್ಕೆ ಎತ್ತಿ ಕಟ್ಟಿದ್ದ, ಗಂಟುಗಂಟಾದ ಟೈರು ಹಾಕಿಸಿ ಮಣ್ಣಿನಲ್ಲಿ ಓಡಿಸುವ ಗಾಡಿ ಮಾಡಿಕೊಂಡಿದ್ದ. ಶಂಶಾಬಾದಿನ ಆಚೆ, ಬಂಡೆಗಳ ನಡುವಿನ ಬಯಲಿನಲ್ಲಿ ಅವನಂಥ ಹತ್ತು ಹನ್ನೆರಡು ಮಂದಿ ಭಾನುವಾರ ಸುತ್ತು ಹೊಡೆಯುತ್ತಿದ್ದರು. ಈಗ ಅಲ್ಲಿ ವಿಮಾನ ನಿಲ್ದಾಣದ ರಸ್ತೆ ಇದೆ.

ಹದಿಮೂರನೆಯ ವಯಸ್ಸಿನಲ್ಲಿ, ಡೈರಿ ಶುರುವಾಗುವ ಮೊದಲು, ನಾನು ಅಲ್ಲಿಯೇ ಬೈಕು ಕಲಿತೆ, ಅಲ್ಲಿಯೇ ಬಿದ್ದೆ. ಗಾಡಿ ಬಂಡೆಗೆ ಬಡಿದು ಟ್ಯಾಂಕಿನ ಎಡಗಡೆ ಬೊಗಸೆಯಷ್ಟು ನೆಗ್ಗಿಹೋಯಿತು. ಅಪ್ಪ ಓಡಿಬಂದು ಎಬ್ಬಿಸಿ, ಮಣ್ಣು ಕೊಡವಿ, “ಅಳಬ್ಯಾಡವಾ. ಇದು ನಿಂದ. ದೊಡ್ಡಾಕಿ ಆಗು, ನಿನಗ ಕೊಡ್ತೀನಿ” ಎಂದ. ನನ್ನ ನೆನಪಿನಲ್ಲಿರುವುದು ಹೀಗೆ. ಅಪ್ಪ ನನಗೆಂದು ಬಿಟ್ಟುಹೋದದ್ದು ಆ ಒಂದು ಮಾತು.

ನಾನು ಎಂ.ಎ. ಎರಡನೆಯ ವರ್ಷದಲ್ಲಿದ್ದಾಗ ಅಪ್ಪ ತೀರಿಕೊಂಡ. ದಿನಕರ್ಮ ಮುಗಿದು ಎಲ್ಲರೂ ಊಟಕ್ಕೆ ಕೂತಿದ್ದಾಗ ಕಾಕಾನನ್ನು, ಅಂದರೆ ಅಪ್ಪನ ತಮ್ಮನನ್ನು, ಬೈಕು ಎಲ್ಲಿ ಎಂದು ಕೇಳಿದೆ. ಬೇರೇನೂ ಕೇಳಿರಲಿಲ್ಲ.

“ಅದನ್ನ ಗುಜರಿಗೆ ಹಾಕೇನಿ,” ಎಂದರು ಕಾಕಾ. “ಹೆಣ್ಣಮಕ್ಕಳಿಗೆ ಯಾಕ ಬೇಕವಾ ಅದು? ಮ್ಯಾಲ ಹಪ್ಪಳ ಒಣಗಸ್ತಿಯೇನು?”

ಪಂಕ್ತಿಯಲ್ಲಿದ್ದವರು ನಕ್ಕರು. ಅಂದಿನ ಡೈರಿಯ ಪುಟ ಖಾಲಿಯಿಲ್ಲ. ‘ಇದೇ ಜನರ ಮುಂದೆ’ ಎಂದು ಮೂರೇ ಪದ ಇವೆ, ಕೆಳಗೆ ಗೆರೆ ಎಳೆದಿದ್ದೇನೆ.

ಏಳು ವರ್ಷ ಕಳೆದವು. ಊರು ಮಾಧಾಪುರದ ಕಡೆಗೆ ಗಾಜಿನ ಕಟ್ಟಡಗಳಾಗಿ ಬೆಳೆಯುತ್ತಿತ್ತು. ನನಗೂ ಅಂಥದೊಂದು ಕಟ್ಟಡದಲ್ಲಿ ಸಾಫ್ಟ್‌ವೇರ್ ಕೈಪಿಡಿಗಳನ್ನು ಬರೆಯುವ ಕೆಲಸ ಸಿಕ್ಕಿತು. ಮೊದಲು ಇದನ್ನು ಒತ್ತಿ, ಆಮೇಲೆ ಅದನ್ನು ಒತ್ತಿ. ಕಾಕಾ ಜೀಡಿಮೆಟ್ಲಾದ ಕಾರ್ಖಾನೆಗಳಿಂದ ಖಾಲಿ ಡ್ರಮ್ಮುಗಳನ್ನು ತಂದು ತೊಳೆಸಿ ಮಾರುತ್ತಿದ್ದರು. ಒಂದು ಬೇಸಿಗೆಯಲ್ಲಿ ಅವರ ಹೆಂಡತಿ, ನನ್ನ ಕಾಕು, ಫೋನು ಮಾಡಿದರು.

“ಗೋಡೌನ್ ಖಾಲಿ ಮಾಡಾಕತ್ತಾರವಾ. ನಿಮ್ಮಪ್ಪನ ಕಬ್ಬಿಣದ ಟ್ರಂಕ್ ಅಲ್ಲೇ ಐತಿ. ಬಂದು ಒಯ್ಯಿ. ನಿಮ್ಮ ಕಾಕಾ ಇರೂದಿಲ್ಲ, ಕಾವಲುಗಾರಗ ಹೇಳೇನಿ.”

ಟ್ರಂಕು ಬಾಗಿಲಲ್ಲೇ ಇತ್ತು. ಅದನ್ನಷ್ಟೇ ತೆಗೆದುಕೊಂಡು ಬರಬಹುದಿತ್ತು. ಡ್ರಮ್ಮುಗಳ ಸಾಲಿನ ಹಿಂದೆ ತಾಡಪತ್ರಿಯ ಕೆಳಗಿನಿಂದ ಗಂಟುಗಂಟಾದ ಟೈರಿನ ಒಂದು ಅಂಚು ಕಾಣದೆ ಇದ್ದಿದ್ದರೆ. ತಾಡಪತ್ರಿ ಎಳೆದೆ. ಕಾರ್ಖಾನೆಗಳ ಹವೆಗೆ ರಿಮ್ಮು, ಕಡ್ಡಿ, ಚೈನು ಎಲ್ಲ ತುಕ್ಕು ತಿಂದು ಉದುರುತ್ತಿದ್ದವು. ಟೈರು ಬಿರಿದಿತ್ತು, ಸೀಟನ್ನು ಇಲಿ ಕಡಿದಿತ್ತು. ಟ್ಯಾಂಕು ನೀಲಿ. ಇದು ಬೇರೆ ಯಾರದೋ ಎಂದುಕೊಂಡು ಇನ್ನೇನು ತಿರುಗಬೇಕು, ಎಡಗಡೆಯ ನೆಗ್ಗು ಕೈಗೆ ಸಿಕ್ಕಿತು.

ಕಾವಲುಗಾರನಿಗೆ, “ಇದನ್ನೂ ಒಯ್ಯಿ ಅಂದಾರ ಕಾಕಾ” ಎಂದು ಸುಳ್ಳು ಹೇಳಿದೆ. ಪಾಪ, ಅವನೇ ಆಟೋದವನ ಜೊತೆ ಸೇರಿ ಹೊತ್ತು ಗೂಡ್ಸ್ ಆಟೋಕ್ಕೆ ಏರಿಸಿಕೊಟ್ಟ. ದಾರಿಯುದ್ದಕ್ಕೂ ನನಗೆ ನಗು ಬರುತ್ತಿತ್ತು. ಕದ್ದ ಮಾಲನ್ನು ಕದಿಯುವುದರಲ್ಲಿ ಇಷ್ಟು ಸುಖವಿದೆ ಎಂದು ಗೊತ್ತಿರಲಿಲ್ಲ.

ಕಾಕಾನ ಫೋನಿಗಾಗಿ ಕಾದೆ. ಏನು ಹೇಳಬೇಕೆಂದು ಬರೆದೂ ಇಟ್ಟುಕೊಂಡಿದ್ದೆ. ಅವರು ಕೇಳಲೇ ಇಲ್ಲ. ಅವರು ಕೇಳಲಿಲ್ಲವೆಂಬುದೇ ಇನ್ನೊಂದು ಸಿಟ್ಟಾಯಿತು.

ಬಾಲಾನಗರದಲ್ಲಿ ಹಳೆಯ ಗಾಡಿಗಳನ್ನು ಬಿಚ್ಚಿ ಕಟ್ಟುವ ಒಬ್ಬ ಉಸ್ತಾದ್ ಇದ್ದರು. ಬೀದರ್ ಕಡೆಯವರು, ಕನ್ನಡ ಗೊತ್ತು. ಗಾಡಿಯನ್ನು ಒಂದು ಸುತ್ತು ನೋಡಿ, “ಮೇಡಂ, ಇದು ಮರೀಜ್ ಅಲ್ಲ, ಮುರ್ದಾ ಅದ. ದವಾಖಾನಿಗೆ ಯಾಕ ತಂದ್ರಿ?” ಎಂದರು. ಆದರೂ ಪ್ಲಗ್ಗಿನ ಜಾಗಕ್ಕೆ ಕೈ ಹಾಕಿದರು. ಅಲ್ಲಿ ಪ್ಲಗ್ ಇರಲಿಲ್ಲ, ಎಣ್ಣೆಯಲ್ಲಿ ನೆನೆದ ಬಟ್ಟೆಯ ಉಂಡೆ ಇತ್ತು. ಅದನ್ನು ಎಳೆದು, ಮೂಸಿ, ಕಿಕ್ಕರನ್ನು ಕೈಯಿಂದಲೇ ಒತ್ತಿದರು. ಅದು ಮೆತ್ತಗೆ ಕೆಳಗಿಳಿಯಿತು.

“ಸತ್ತಿಲ್ಲ,” ಎಂದರು. “ಯಾರೋ ಮಲಗಿಸ್ಯಾರ.”

“ಅಂದ್ರ?”

“ಹಂಗೇ ಬಿಟ್ರ ಒಳಗ ಪಿಸ್ಟನ್ ಹಿಡ್ಕೋತದ. ಇವರು ಪ್ಲಗ್ ತೆಗದು ಎಣ್ಣಿ ಹಾಕಿ, ಬಟ್ಟಿ ತುರುಕ್ಯಾರ. ಈ ಎಣ್ಣಿ ನೋಡ್ರಿ, ಇನ್ನೂ ವರ್ಷಾ ಆಗಿಲ್ಲ. ಪ್ಯಾರ್ ಇದ್ದವರೇ ಇಂಥಾದ್ದು ಮಾಡ್ತಾರ.”

“ಪ್ಯಾರ್ ಅಲ್ಲ ಉಸ್ತಾದ್, ಕಳ್ಳತನ.”

“ಕಳ್ಳರು ಎಣ್ಣಿ ಹಾಕಲ್ಲ ಮೇಡಂ. ಮಾರ್ತಾರ.”

ಉಸ್ತಾದರ ಮೇಲೂ ಸಿಟ್ಟು ಬಂತು. ಹ್ಯಾಂಡಲ್ಲಿನ ಬುಡದಲ್ಲಿ, ಕ್ಲಚ್ಚಿನ ವೈರಿನ ಕೆಳಗೆ, ಕೆಂಪು ಹಕ್ಕಳೆಯಂಥದ್ದು ಗಟ್ಟಿಯಾಗಿತ್ತು. ತುಕ್ಕು ಅಂದುಕೊಂಡು ಸ್ಕ್ರೂಡ್ರೈವರಿನಿಂದ ಕೆರೆದೆ. ಕುಂಕುಮ. ಅದರ ಕೆಳಗೆ ಅರಿಸಿನ, ಅದರ ಕೆಳಗೆ ಮತ್ತೆ ಕುಂಕುಮ. ನಮ್ಮಲ್ಲಿ ಖಂಡೇನವಮಿಯ ದಿನ ಮನೆಯ ಆಯುಧಗಳಿಗೆ, ಗಾಡಿಗಳಿಗೆ ಮನೆಯ ಹಿರಿಯ ಗಂಡಸು ಕುಂಕುಮ ಹಚ್ಚಬೇಕು. ಅಪ್ಪ ಹೋದಮೇಲೆ ಹಿರಿಯರು ಕಾಕಾನೇ. ಏಳು ವರ್ಷ ಆ ದಿನ ಅವರ ಮನೆಯಲ್ಲಿ ಹೋಳಿಗೆ ಉಂಡಿದ್ದೇನೆ. ಪೂಜೆಯಾದ ಮೇಲೆ ಗೋಡೌನಿಗೆ ಹೋಗಿ ಬರುತ್ತೇನೆಂದು ಅವರು ಒಬ್ಬರೇ ಹೊರಡುತ್ತಿದ್ದದ್ದು ಈಗ ನೆನಪಾಯಿತು. ಅಥವಾ ನೆನಪಾಯಿತೆಂದು ನನಗೆ ಅನಿಸಿತು. ನನ್ನನ್ನು ಉಣ್ಣಲು ಕೂರಿಸಿ, ನನ್ನ ಗಾಡಿಗೆ ಕುಂಕುಮ ಹಚ್ಚಿ, ವಾಪಸು ಬಂದು, “ಇನ್ನೊಂದು ಹಾಕಿಸ್ಕೋ” ಎನ್ನುತ್ತಿದ್ದರೇ? ಉಸ್ತಾದ್ ಅದನ್ನು ಪ್ರೀತಿ ಎನ್ನಲಿ. ಒಂದೊಂದು ಪದರವನ್ನೂ ಕೆರೆದು ತೆಗೆದೆ, ಕಬ್ಬಿಣ ಹೊಳೆಯುವವರೆಗೆ.

ಏನು ಮಾಡಬೇಕೆಂದು ಅಂದೇ ತೀರ್ಮಾನವಾಯಿತು. ಕೈಪಿಡಿ ಬರೆಯುವವಳಲ್ಲವೇ, ಮೆಟ್ಟಿಲು ಮೆಟ್ಟಿಲಾಗಿ ಬರೆದುಕೊಂಡೆ. ಖಂಡೇನವಮಿಗೆ ಗಾಡಿ ಓಡಬೇಕು. ಎಲ್ಲರೂ ಸೇರಿದಾಗ ಕಾಕಾನ ಅಂಗಳಕ್ಕೆ ಓಡಿಸಿಕೊಂಡು ಹೋಗಬೇಕು. ತಾವೇ ಗುಜರಿಗೆ ಹಾಕಿದ್ದಾಗಿ ಹೇಳಿದ ಗಾಡಿಗೆ ಅವರು ಎಲ್ಲರ ಮುಂದೆ ಕುಂಕುಮ ಹಚ್ಚಬೇಕು.

ಶನಿವಾರ, ಭಾನುವಾರ ನಾನೂ ಉಸ್ತಾದರ ಜೊತೆ ಕೂರುತ್ತಿದ್ದೆ. ಚಕ್ರದ ಹಳೆಯ ಹಬ್ಬಿಗೆ ಹೊಸ ಕಡ್ಡಿ ಹೆಣೆಸಿದೆವು. ಕಾರ್ಬ್ಯುರೇಟರನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ಅದ್ದಿ, ಕೂದಲೆಳೆಯಂಥ ತೂತುಗಳನ್ನು ತಂತಿಯಿಂದ ಬಿಡಿಸಿದೆವು. ಟ್ಯಾಂಕಿನೊಳಗಿನ ತುಕ್ಕು ತೆಗೆಯಲು ಸೀಮೆಎಣ್ಣೆ, ಒಂದು ಹಿಡಿ ನಟ್ಟು ಹಾಕಿ, ಗೋಣಿಚೀಲ ಸುತ್ತಿ, ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಬೇಕು. ಆ ಕೆಲಸವನ್ನು ನಾನು ಬೇರೆ ಯಾರಿಗೂ ಬಿಡಲಿಲ್ಲ. ಕಾಕಾನ ಭುಜ ಹಿಡಿದು ಅಲ್ಲಾಡಿಸುತ್ತಿದ್ದೇನೆ ಎಂದುಕೊಂಡರೆ ತೋಳು ನೋಯುತ್ತಿರಲಿಲ್ಲ.

ಬಣ್ಣದ ಮಾತು ಬಂದಾಗ ಕೆಂಪು ಎಂದೆ. ಉಸ್ತಾದ್ ಟ್ಯಾಂಕಿನ ಅಡಿಯನ್ನು ಉಪ್ಪುಕಾಗದದಿಂದ ಉಜ್ಜಿ ತೋರಿಸಿದರು. ಮೇಲೆ ನೀಲಿ, ಕೆಳಗೆ ಹಳೆಯ ನೀಲಿ, ಆಮೇಲೆ ಬರಿ ತಗಡು. ಕೆಂಪು ಎಲ್ಲಿಯೂ ಇರಲಿಲ್ಲ. ತಲೆಯಲ್ಲಿದ್ದ ಅಪ್ಪ, ಕೆಂಪು ಟ್ಯಾಂಕಿನ ಮೇಲೆ ಬಾಗಿದ ಅಪ್ಪ, ಯಾರವನು? ಆದರೂ ಕೆಂಪೇ ಹೊಡೆಸುತ್ತಿದ್ದೆನೇನೋ. ಆಮೇಲೆ ಹೊಳೆಯಿತು, ಕೆಂಪು ಹೊಡೆಸಿದರೆ ಕಾಕಾ “ಇದು ನಮ್ಮಣ್ಣನ ಗಾಡಿ ಅಲ್ಲ” ಎಂದುಬಿಡಬಹುದು. ನೀಲಿಯೇ ಇರಲಿ ಎಂದೆ. ನೆಗ್ಗನ್ನು ತುಂಬಿಸಲೇ ಎಂದು ಉಸ್ತಾದ್ ಕೇಳಿದಾಗಲೂ ಬೇಡವೆಂದೆ. ಅದು ನನ್ನ ಸಾಕ್ಷಿ.

ಖಂಡೇನವಮಿಯ ಬೆಳಿಗ್ಗೆ ಬಾಲಾನಗರದಿಂದ ಕಾಚಿಗುಡದ ಕಾಕಾನ ಮನೆಯವರೆಗೆ ಓಡಿಸಿಕೊಂಡು ಹೋದೆ. ಸಿಗ್ನಲ್ಲಿನಲ್ಲಿ ಜನ ತಿರುಗಿ ನೋಡುತ್ತಿದ್ದರು. ಕಾಕಾನ ಅಂಗಳದಲ್ಲಿ ಸ್ಕೂಟರು, ಕಾರು, ತಕ್ಕಡಿ, ಯಾರದೋ ಲ್ಯಾಪ್‌ಟಾಪು, ಈಳಿಗೆಮಣೆ ಎಲ್ಲ ಸಾಲಾಗಿದ್ದವು. ನಾನು ನಡುವೆ ನಿಲ್ಲಿಸಿ ಬೇಕೆಂದೇ ಎರಡು ಸಲ ಆಕ್ಸಿಲರೇಟರ್ ತಿರುಗಿಸಿದೆ. ಬಿಳಿ ಹೊಗೆ ಬಾಗಿಲು ದಾಟಿ ದೇವರ ಮನೆಯವರೆಗೆ ಹೋಯಿತು.

ಸೋದರತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು, “ಅಯ್ಯ, ಸೊಳ್ಳಿ ಹೊಗಿ ಬಿಡೋ ಗಾಡಿ ಬಂತನಕೊಂಡೆ!” ಎಂದಳು. ಎಲ್ಲರೂ ನಕ್ಕರು. ಕಾಕಾ ಕುಂಕುಮದ ಬಟ್ಟಲು ಹಿಡಿದು ಬೈಕಿನ ಹತ್ತಿರ ಬಂದರು.

“ಎಲ್ಲಿ ಸಿಕ್ತು?” ಎಂದರು.

“ಗುಜರಿಯಾಗ, ಕಾಕಾ. ನೀವ ಹಾಕಿದ್ರಲ್ಲ, ಅದ ಗುಜರಿಯಾಗ.”

ನಗು ನಿಂತಿತು. ಕಾಕು ಒಳಗೆ ಹೋದರು. “ಕುಂಕುಮ ಹಚ್ಚರಿ,” ಎಂದೆ. “ಹಪ್ಪಳ ಆಮ್ಯಾಲ ಒಣಗಸೋಣಂತ.”

ಅವರ ಬೆರಳು ಬೇರೆ ಗಾಡಿಗಳಿಗೆ ಹಚ್ಚಿದಂತೆ ಮುಂಭಾಗಕ್ಕೆ ಹೋಗಲಿಲ್ಲ. ನೇರವಾಗಿ ಹ್ಯಾಂಡಲ್ಲಿನ ಬುಡಕ್ಕೆ, ಕ್ಲಚ್ಚಿನ ವೈರಿನ ಕೆಳಕ್ಕೆ ಹೋಯಿತು. ಅಲ್ಲಿ ಬರಿ ಕಬ್ಬಿಣ ತಾಗಿ ಒಂದು ಗಳಿಗೆ ನಿಂತಿತು. ಆಮೇಲೆ ಹಚ್ಚಿದರು. ನಾನು ಕಾದಿದ್ದ ಗಳಿಗೆ ಅದು. ಅವರು ತಲೆ ತಗ್ಗಿಸಿದ್ದನ್ನು ಎಲ್ಲರೂ ನೋಡಿದರು. ಸುಖವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ, ಬಹಳ ಸುಖವಾಯಿತು.

ತಲೆ ಎತ್ತಿದಾಗ ಅವರು ಟ್ಯಾಂಕನ್ನು ನೋಡುತ್ತಿದ್ದರು. “ನೆಗ್ಗು ತೆಗಸಲಿಲ್ಲೇನು?”

“ಇಲ್ಲರಿ. ನಾ ಬಿದ್ದದ್ದು ಅದು. ನಂದ ನೆಗ್ಗು.”

“ನಿಂದ?” ಕಾಕಾ ದನಿ ಏರಿಸಲಿಲ್ಲ. “ನೀ ಬಿದ್ದದ್ದು ಬಲಕ್ಕ. ಮೊಣಕೈ ನೋಡ್ಕೋ. ಇದು ನಿಮ್ಮಪ್ಪ ಬಿದ್ದದ್ದು, ನಿನಗಿಂತ ಮೊದಲ. ನೀ ಬಿದ್ದ ದಿನಾನ ಅವ ಗಾಡಿ ನನ್ನ ಕೈಯಾಗ ಕೊಟ್ಟ. ಮತ್ತ ಹತ್ತಲಿಲ್ಲ.”

ಬಲ ಮೊಣಕೈಯ ಕಲೆ ದಿನವೂ ನನ್ನ ಕಣ್ಣಿಗೆ ಬೀಳುತ್ತದೆ. ಅದನ್ನು ಆ ದಿನದ ಜೊತೆಗಿಟ್ಟು ಯೋಚಿಸಿರಲಿಲ್ಲ. ಆ ದಿನದ ನಂತರ ಅಪ್ಪ ಬೈಕು ಹತ್ತಿದ ಒಂದು ಭಾನುವಾರವೂ ನೆನಪಿಗೆ ಬರಲಿಲ್ಲ. ಅಷ್ಟು ಜನರೆದುರು ತೋಳು ಮಡಿಸಿ ನೋಡಿಕೊಳ್ಳಲು ಮನಸ್ಸಾಗಲಿಲ್ಲ. ಅಲ್ಲಿಂದ ಹೊರಟರೆ ಸಾಕೆಂದು ಗಾಡಿ ಹತ್ತಿದೆ.

“ಏ, ಇಳಿ!” ಸೋದರತ್ತೆ ಕೂಗಿದಳು. “ಪೂಜಾ ಆದ ಗಾಡಿ ಇವತ್ತ ಮುಟ್ತಾರೇನು? ನಾಳೆ ಬನ್ನಿ ಕೊಟ್ಟ ಮ್ಯಾಲ ಒಯ್ಯಿ. ಎಂ.ಎ. ಓದಿ ಇಷ್ಟೂ ಗೊತ್ತಿಲ್ಲ!”

ಹುಟ್ಟಿದಾಗಿನಿಂದ ಗೊತ್ತಿದ್ದ ನಿಯಮ. ಆ ದಿನ ಆಯುಧಗಳಿಗೆ ವಿಶ್ರಾಂತಿ. ಅಷ್ಟೊಂದು ಮೆಟ್ಟಿಲು ಬರೆದುಕೊಂಡವಳು ಅದೊಂದನ್ನು ಮರೆತಿದ್ದೆ. ಬೈಕನ್ನು ಕಾಕಾನ ಅಂಗಳದಲ್ಲೇ, ಕಾಕಾನ ಕೈಯಲ್ಲೇ ಬಿಟ್ಟು ಆಟೋದಲ್ಲಿ ಮನೆಗೆ ಬಂದೆ.

ಮರುದಿನ ಬನ್ನಿ ಎಲೆ ಹಿಡಿದು ಹೋದೆ. ಬೈಕು ಬಿಸಿಲಿನಿಂದ ನೆರಳಿಗೆ ಸರಿದಿತ್ತು, ಮೇಲೆ ಅದೇ ಹಳೆಯ ತಾಡಪತ್ರಿ. ಕೆಳಗೆ ಕೈ ಹಾಕಿ ನೋಡಿದೆ. ಸಿಟ್ಟಿನಲ್ಲಿ ನಾನು ತೆರೆದೇ ಬಿಟ್ಟುಹೋಗಿದ್ದ ಪೆಟ್ರೋಲಿನ ನಲ್ಲಿಯನ್ನು ಯಾರೋ ತಿರುಗಿಸಿ ಮುಚ್ಚಿದ್ದರು. ಇಲ್ಲದಿದ್ದರೆ ಬೆಳಗಾಗುವುದರೊಳಗೆ ಇಂಜಿನ್ನು ಪೆಟ್ರೋಲಿನಲ್ಲಿ ಮುಳುಗಿರುತ್ತಿತ್ತು. ನನ್ನ ಗಾಡಿಯನ್ನು ನನಗಿಂತ ಚೆನ್ನಾಗಿ ಬಲ್ಲವರಿದ್ದಾರೆ ಎಂಬುದನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಬನ್ನಿ ಕೊಡುವಾಗ ಹಿರಿಯರ ಕಾಲು ಮುಟ್ಟಬೇಕು, ಹಳೆಯ ಜಗಳ ಅಲ್ಲಿಗೆ ಮುಗಿಯಬೇಕು. ನಾನು ಕಾಲು ಮುಟ್ಟಿದೆ. ಕಾಕಾ ತಮ್ಮ ಬನ್ನಿಯನ್ನು ನನ್ನ ಕೈಗಿಟ್ಟು, “ಬನ್ನಿ ತಗೊಂಡು ಬಂಗಾರದಂಗ ಇರೋಣು” ಎಂದರು. ನಾನು ಕೈ ಬಿಡಲಿಲ್ಲ. ಹಿಂದಿನ ದಿನದಿಂದ ಒಂದೇ ಪ್ರಶ್ನೆ ತಲೆಯಲ್ಲಿತ್ತು, ಅದನ್ನು ಕೇಳಿದೆ. ಕಾಕಾ ಕಿಟಕಿಯ ಕಡೆ ನೋಡಿದರು, ಕಾಕುವಿಗೆ ಹೋಳಿಗೆ ತರಲು ಹೇಳಿದರು. ಆಮೇಲಿನ ಪ್ರತಿ ವರ್ಷವೂ ಬನ್ನಿ ಕೊಟ್ಟಿದ್ದಾರೆ, ಹೋಳಿಗೆ ತಿನ್ನಿಸಿದ್ದಾರೆ, ಕ್ಲಚ್ಚಿನ ವೈರು ಸಡಿಲಾಗಿದೆ ನೋಡು ಎಂದೂ ಹೇಳಿದ್ದಾರೆ. ಉತ್ತರ ಮಾತ್ರ ಹೇಳಿಲ್ಲ. ನಾನು ಕೇಳಿದ್ದು ಇಷ್ಟೇ:

“ಕಾಕಾ, ಇದು ನನ್ನ ಕೈಗೆ ಸಿಗಬಾರದು ಅಂದವ್ರು ಯಾರು? ನೀವೋ, ಅಪ್ಪನೋ?”