ಆಲಿವ್ ಪೊದೆಯಡಿಯ ಮರಿಗಿಡ

...ಇಲ್ಲ, ಹೆಂಡತಿ ಬಗ್ಗಿರಲಿಲ್ಲ, ನೆರಳಿಗೆಂದು ಕೂತಿದ್ದಳು. ಅಥವಾ ಕೂತದ್ದು ನಾನು. ಬೆಟ್ಟದ ಮೇಲಿನ ಆ ಮಧ್ಯಾಹ್ನವನ್ನು ಮನಸ್ಸಿನಲ್ಲಿ ಎಷ್ಟು ಸಲ ಮಗುಚಿ ಹಾಕಿದ್ದೇನೆಂದರೆ, ನಡೆದದ್ದೆಷ್ಟು, ನಾನು ಸೇರಿಸಿದ್ದೆಷ್ಟು ಎಂದು ಈಗ ಬೇರ್ಪಡಿಸಲಾರೆ.

ಖಚಿತವಾಗಿ ಹೇಳಬಲ್ಲದ್ದು ಇಷ್ಟು. ಈದ್ ರಜೆ ಬಂದರೆ ಹೆಂಡತಿ, ಮಗಳು, ನಾನು ದುಬೈಯಿಂದ ಗಡಿ ದಾಟಿ ಒಮಾನಿನ ಎತ್ತರದ ಬೆಟ್ಟಕ್ಕೆ ಹೋಗುತ್ತಿದ್ದೆವು. ಅಲ್ಲಿನ ನೆತ್ತಿಯ ಮೇಲೆ ಜುನಿಪರ್ ಮರಗಳಿವೆ. ಅದನ್ನು ಕಾಡು ಎನ್ನಲು ನಮ್ಮ ಕರಾವಳಿಯ ಬಾಯಿಗೆ ಬರುವುದಿಲ್ಲ. ಒಂದು ಮರ, ಆಮೇಲೆ ಬರೀ ಕಲ್ಲು, ಒಂದು ಪೊದೆ, ದೂರದಲ್ಲಿ ಇನ್ನೊಂದು ಮರ. ಎಲ್ಲ ಮುದಿ. ತಿರುಚಿದ ಕಾಂಡ, ಒಣಗಿದ ತುದಿ. ಕೆಳಗಿನ ಇಳಿಜಾರಿನವು ನಿಂತಲ್ಲೇ ಸತ್ತಿದ್ದವು.

"ಬರೀ ಅಜ್ಜಂದಿರೇ ಕಾಣ್ತಾರೆ, ಮಕ್ಕಳೆಲ್ಲಿ ಮಾರಾಯ್ರೆ?" ಎಂದಳು ಹೆಂಡತಿ ಮೊದಲ ಸಲ. ತಮಾಷೆಗೆ. ಮುಂದೆ ಅದು ತಮಾಷೆಯಾಗಿ ಉಳಿಯಲಿಲ್ಲ. ಹೋದಾಗಲೆಲ್ಲ ಒಂದು ಮರಿಗಿಡಕ್ಕಾಗಿ ಹುಡುಕುತ್ತಿದ್ದಳು. ಕಾಯಿ ಒಡೆದರೆ ಒಳಗಿನ ಬೀಜ ಹೆಚ್ಚಾಗಿ ಟೊಳ್ಳು. ಮೊಳೆತದ್ದಕ್ಕೆ ಆಡಿನ ಬಾಯಿ. ಅದೂ ಅಲ್ಲದೆ ನಾವು ಹುಡುಕಿದ್ದೆಲ್ಲ ಬಿಸಿಲು ಬೀಳುವ ಬಯಲಲ್ಲಿ. ಊರಲ್ಲಿ ಮರ ಬಿದ್ದಲ್ಲಿ ಬೆಳಕು, ಬೆಳಕಿದ್ದಲ್ಲಿ ಸಸಿ. ಇಲ್ಲಿ ಬಯಲೆಂದರೆ ಕಾದ ಕಾವಲಿ. ಸಸಿ ಬದುಕಿದರೆ ಬೇರೆ ಯಾವುದೋ ಪೊದೆಯ ಅಡಿಯಲ್ಲಿ. ನಮಗದು ತಡವಾಗಿ ಹೊಳೆಯಿತು.

ಅಷ್ಟರಲ್ಲಿ ಆಸ್ಪತ್ರೆಯ ಅವಳ ಕೆಲಸ ಖಲಾಸ್. ಜುಮೇರಾ ಲೇಕ್ ಟವರ್ಸ್‌ನ ಫ್ಲ್ಯಾಟು ನನ್ನೊಬ್ಬನ ಸಂಬಳಕ್ಕೆ ನಿಲುಕದು. ತಾಯಿ ಮಗಳು ಊರಿಗೆ, ನಾನು ಅಲ್ ಕೂಜ್‌ನಲ್ಲಿ ಬೇರೆಯವರ ಜೊತೆ ಒಂದು ಕೋಣೆಗೆ ಎಂದಾಯಿತು. ಹೊರಡುವ ಮುಂಚೆ ಕೊನೆಯ ಸಲ ಬೆಟ್ಟ ಹತ್ತಿದೆವು.

"ಒಂದಾದ್ರೂ ನೋಡಿ ಹೋಗ್ತೇನೆ," ಎಂದಳು ಹೆಂಡತಿ.

ಕಾಡು ಆಲಿವ್ ಪೊದೆಯಡಿ, ಆಡು ತಲೆ ತೂರಿಸಲಾಗದ ಸಂದಿನಲ್ಲಿ, ಬೆರಳುದ್ದದ ಹಸಿರು. ಸೂಜಿಯಂಥ ಎಲೆ. ಎಳೆಯ ಜುನಿಪರ್ ಹಾಗೇ ಇರುತ್ತದಂತೆ. ಇಬ್ಬರೂ ನೋಡಿದೆವು. ಹೀಗೆಂದು ನನ್ನ ನೆನಪು.

ಈ ಈದ್‌ಗೆ ಒಬ್ಬನೇ ಹೋದೆ. ಮರಗಳ ಒಣಗು ತುದಿಯಿಂದ ಇನ್ನಷ್ಟು ಕೆಳಗಿಳಿದಿತ್ತು. ಆ ಪೊದೆ ಸಿಗಲಿಲ್ಲ. ಎಲ್ಲ ಪೊದೆಯೂ ಅದೇ ಅನಿಸಿತು. ಅಲ್ಲಿಂದಲೇ ಫೋನ್ ಮಾಡಿದೆ.

"ಆ ಗಿಡ ನೀನು ಕಣ್ಣಾರೆ ನೋಡಿದ್ದೆ ಅಲ್ವಾ?"

"ನಾನಾ? ನೋಡಿದ್ದು ನೀವು! ಉಂಟು ಅಂದ್ರಿ, ಹೂಂ ಅಂದೆ. ಹೊರಡುವ ಹೊತ್ತಿಗೆ ಯಾಕೆ ಇಲ್ಲ ಅನ್ನುವುದು ಅಂತ."

ಹಿಂದಿನಿಂದ ಮಗಳ ದನಿ: "ಐ ಡೋಂಟ್ ರಿಮೆಂಬರ್ ಎನಿ ಪ್ಲಾಂಟ್, ಅಪ್ಪಾ."

"ಬಿಸಿಲು ಜೋರುಂಟಾ? ಟೊಪ್ಪಿ ಹಾಕಿದ್ದೀರಾ?" ಎಂದಳು ಹೆಂಡತಿ.

ಹಾಕಿದ್ದೇನೆ ಎಂದೆ. ಆ ಪೊದೆಯಡಿ ಏನಿತ್ತೋ ನನಗೆ ಗೊತ್ತಿಲ್ಲ. ಏನಾದರೂ ಇತ್ತೇ ಎಂಬುದೂ ಗೊತ್ತಿಲ್ಲ.