ಬಿಚ್ಚಿಟ್ಟ ಗಾಳಿ ಮೆಷಿನ್

ಗಾಳಿ ಸೋಕಿತು, ದೃಷ್ಟಿ ತಾಗಿತು ಎಂದು ಯಾರಾದರೂ ಶುರು ಮಾಡಿದರೆ ಮೊದಲು ನಗುತ್ತಿದ್ದವನು ನಾನೇ. ನನ್ನ ಪಾಲಿಗೆ ಗಾಳಿ ಎಂದರೆ ಟೈರಿಗೆ ತುಂಬುವ ಗಾಳಿ, ಅಷ್ಟೆ. ಹಳೇ ಪೆಟ್ರೋಲ್ ಬಂಕುಗಳಲ್ಲಿದ್ದ ಗಾಳಿ ಮೆಷಿನ್‌ಗಳನ್ನು ಹುಡುಕಿ ತಂದು ರಿಪೇರಿ ಮಾಡುವುದು ನನ್ನ ಹುಚ್ಚು. ಹಿಡಿಕೆ ತಿರುಗಿಸಿ, ಪುಟ್ಟ ಗಾಜಿನ ಕಿಟಕಿಯಲ್ಲಿ ಬೇಕಾದ ಅಂಕಿ ಬರಿಸಿ, ಪೈಪನ್ನು ಟೈರಿಗೆ ಹಿಡಿದರೆ ಗಾಳಿ ಹೋಗುವಷ್ಟು ಹೊತ್ತೂ ಒಳಗಿನ ಗಂಟೆ ಟಿಣ್ ಟಿಣ್ ಎನ್ನುತ್ತದೆ. ತುಂಬಿದ ಮೇಲೆ ಸುಮ್ಮನಾಗುತ್ತದೆ.

ಕೆಲವು ವರ್ಷಗಳ ಹಿಂದೆ ಹೆಗ್ಗನಹಳ್ಳಿಯ ಗುಜರಿ ಅಂಗಡಿಯಲ್ಲಿ ಅಂಥದ್ದೊಂದು ಸಿಕ್ಕಿತು. ಕಂಪನಿ ಹೆಸರಿನ ತಗಡು ಕಿತ್ತುಹೋಗಿತ್ತು. ಬೆನ್ನ ಮೇಲಿನ ಎರಕದ ಅಕ್ಷರಗಳಿಗೆ ಸೀಮೆಸುಣ್ಣ ಉಜ್ಜಿ, ಫೋಟೊ ತೆಗೆದು, ನನ್ನಂಥ ಹುಚ್ಚರ ವಾಟ್ಸಾಪ್ ಗುಂಪಿಗೆ ಹಾಕಿದೆ. ಮಾಡೆಲ್ ಯಾವುದೆಂದು ತಿಳಿಯಿತು. ಆದರೆ ಒಳಗೆ ಉಬ್ಬಿ ಇಳಿಯುವ ರಬ್ಬರ್ ಡಯಾಫ್ರಮ್ ಇರಲಿಲ್ಲ. ಅದಿಲ್ಲದೆ ಗಂಟೆ ಹೊಡೆಯುವುದಿಲ್ಲ. ಬಾಪೂಜಿ ನಗರದ ಬಿಡಿಭಾಗಗಳ ಅಂಗಡಿಗಳನ್ನೆಲ್ಲ ಸುತ್ತಿದರೂ ಆ ಅಳತೆಯದು ಸಿಗಲಿಲ್ಲ.

ಬಸವೇಶ್ವರನಗರದ ಮನೆಯಲ್ಲಿ ಇರುವುದು ನಾನು, ನನ್ನ ಅಕ್ಕ. ಅವಳಿಗೆ ಉಬ್ಬಸ. ಮೆಷಿನ್ ನೋಡಿದ್ದೇ ಮುಖ ಸಿಂಡರಿಸಿದಳು.

“ಯಾರ್ ಯಾರ ಗಾಳಿ ಓಡಾಡಿರೋ ಸಾಮಾನೋ ಏನೋ. ಮನೆ ಒಳಗೆ ಇಡ್ಬೇಡ ಕಣೋ.”

“ಯಾರ್ದೂ ಅಲ್ಲ ಅಕ್ಕ, ಲಾರಿಗಳದ್ದು,” ಎಂದು ರೇಗಿಸಿದೆ.

ಒಂದು ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಅವಳು ರೂಮಿನಲ್ಲಿ ಮಲಗಿದ್ದಳು. ನಾನು ಹಾಲ್‌ನಲ್ಲಿ ಪೇಪರ್ ಹಾಸಿ ಮೆಷಿನ್ ಬಿಚ್ಚಿಟ್ಟುಕೊಂಡು ಕೂತಿದ್ದೆ. ಪೈಪ್ ಇಲ್ಲ, ಡಯಾಫ್ರಮ್ ಇಲ್ಲ. ಗಂಟೆಗೆ ಬಡಿಯುವ ಕಬ್ಬಿಣದ ತುಂಡು ನನ್ನ ಕೈಯಲ್ಲೇ ಇತ್ತು, ಸೀಮೆಎಣ್ಣೆ ಬಟ್ಟೆಯಿಂದ ಒರೆಸುತ್ತಿದ್ದೆ. ಆಗ ಗಂಟೆ ಹೊಡೆಯಿತು.

ಬೀದಿಯಲ್ಲಿ ಯಾವುದೋ ಸೈಕಲ್ ಇರಬೇಕು ಎಂದುಕೊಂಡೆ. ಮತ್ತೆ ಹೊಡೆಯಿತು. ಗಂಟೆಯ ಬಟ್ಟಲು ನಡುಗುತ್ತಿದ್ದುದನ್ನು ಕಣ್ಣಾರೆ ಕಂಡೆ. ಬೆರಳಿಟ್ಟು ನೋಡಿದೆ, ಬೆರಳಿಗೂ ನಡುಕ ಹತ್ತಿತು. ಒಂದೊಂದು ಸದ್ದಿಗೂ ಮೆಷಿನ್‌ನ ಗಾಜಿನ ಕಿಟಕಿಯಲ್ಲಿನ ಅಂಕಿ ಕೆಳಗಿಳಿಯುತ್ತಿತ್ತು. ಸದ್ದು ತಡೆತಡೆದು ಬರತೊಡಗಿ, ಕೊನೆಗೆ ನಿಂತೇ ಹೋಯಿತು. ನಿಂತ ಮೇಲೆ ರೂಮಿನ ಕಡೆ ಕಿವಿಗೊಟ್ಟೆ. ರೂಮಿನಿಂದ ಸದಾ ಕೇಳುತ್ತಿದ್ದ ಅಕ್ಕನ ಗೊರಗೊರ ಉಸಿರೂ ಕೇಳಿಸುತ್ತಿರಲಿಲ್ಲ.

ಒಳಗೆ ನುಗ್ಗಿದೆ. ಮಂಚದ ಅಂಚಿನಲ್ಲಿ ಕೂತಿದ್ದಳು. ಬಾಯಿ ತೆರೆದಿತ್ತು, ತುಟಿ ನೀಲಿಗಟ್ಟಿತ್ತು, ಇನ್‌ಹೇಲರ್ ಕೈಜಾರಿ ಮಂಚದ ಕೆಳಗೆ ಬಿದ್ದಿತ್ತು. ತೆಗೆದು ಅವಳ ಬಾಯಿಗಿಟ್ಟು ಒತ್ತಿದೆ. ದೇವರನ್ನು ಕರೆದೆನೆಂದು ನೆನಪು. ಸ್ವಲ್ಪ ಹೊತ್ತಿಗೆ ಉಸಿರು ಮರಳಿತು, ಆಟೊದಲ್ಲಿ ಆಸ್ಪತ್ರೆಗೆ ಕರೆದೊಯ್ದೆ.

ಅಲ್ಲಿ ಆಕ್ಸಿಜನ್ ಮಾಸ್ಕ್ ಸರಿಸಿ ಅವಳು ಆಡಿದ ಮೊದಲ ಮಾತು ಇದು: “ಅದನ್ನ ಯಾಕೋ ಬಾರಿಸ್ದೆ? ನಾನು ಚೆನ್ನಾಗೇ ನಿದ್ದೆ ಮಾಡ್ತಿದ್ದೆ. ಟಿಣ್ ಅಂದಿದ್ದಕ್ಕೇ ಎಚ್ಚರ ಆಯ್ತು. ಒಂದೊಂದ್ ಸಲ ಹೊಡ್ದಾಗ್ಲೂ ಉಸಿರು ಕಮ್ಮಿ ಆಗ್ತಾ ಹೋಯ್ತು.”

ನಾನು ಬಾರಿಸಲಿಲ್ಲ ಎಂದು ಅವಳಿಗೆ ಹೇಳುವ ಧೈರ್ಯ ಇವತ್ತಿಗೂ ಬಂದಿಲ್ಲ. ಅದು ಅವಳ ಉಸಿರನ್ನು ಎಳೆದುಕೊಂಡಿತೋ, ಉಸಿರು ಹೋಗುತ್ತಿದೆ ಎಂದು ನನ್ನನ್ನು ಕೂಗಿತೋ, ನನಗೆ ತಿಳಿಯದು. ಎಳೆದುಕೊಂಡಿದ್ದರೆ ಅದನ್ನು ಮನೆಯಿಂದ ಆಚೆ ಹಾಕಬೇಕು. ಕೂಗಿದ್ದರೆ ಹಾಕಬಾರದು.

ಮೊನ್ನೆ ಕೆಂಗೇರಿಯಿಂದ ಒಬ್ಬರು ಕೊಳ್ಳಲು ಬಂದರು. ಒಪ್ಪಿಕೊಂಡೆ. ಅವರ ಕಾರಿಗೆ ಇಡೋಣವೆಂದು ನಾನೇ ಎತ್ತಿಕೊಂಡು ಬಾಗಿಲವರೆಗೆ ಹೋದೆ. ಒಳಗೆ ಅಕ್ಕ ಕೆಮ್ಮಿದಳು.

“ಬೇಜಾರ್ ಮಾಡ್ಕೋಬೇಡಿ ಸಾರ್, ಕೊಡೋಕಾಗಲ್ಲ,” ಎಂದು ಅಲ್ಲೇ ಹೊಸಿಲ ಬಳಿ ಕೆಳಗಿಟ್ಟೆ.